ತೆಳುಮೌನದ ದನಿ: ಹೋರೇಬಿನ ಗವಿಯಲ್ಲಿ ಎಲೀಯ ಕೇಳಿದ್ದೇನು?

ಯೆಹೂದ್ಯರ ಹೀಬ್ರೂ ಧರ್ಮಗ್ರಂಥದಲ್ಲಿ, ಅಂದರೆ ಕ್ರೈಸ್ತರು ಬೈಬಲಿನ ಹಳೆಯ ಒಡಂಬಡಿಕೆ ಎನ್ನುವ ಭಾಗದಲ್ಲಿ, ದೇವರು ಪ್ರವಾದಿಗಳೊಡನೆ ಮಾತನಾಡುವುದು ಅಪರೂಪದ ಸಂಗತಿಯಲ್ಲ. ಆ ಮಾತು ಕಿವಿಗೆ ಹೇಗೆ ಬಿತ್ತು ಎಂಬ ವಿವರ ಸಿಗುವುದು ಮಾತ್ರ ಬಹಳ ಅಪರೂಪ. ‘ಯೆಹೋವನ ವಾಕ್ಯವು ಇಂಥವನಿಗೆ ಉಂಟಾಯಿತು’ (ಯೆಹೋವ ಎಂಬುದು ಆ ಗ್ರಂಥದಲ್ಲಿ ದೇವರ ಹೆಸರು) ಎಂಬ ಒಂದೇ ಸಿದ್ಧ ಮಾತಿನಲ್ಲಿ ಬರೆದವರು ಹೆಚ್ಚಿನ ಸಂದರ್ಭಗಳನ್ನು ಮುಗಿಸಿಬಿಡುತ್ತಾರೆ. ದನಿ ಹೊರಗಿನಿಂದ ಬಂತೇ, ಒಳಗೇ ಹುಟ್ಟಿತೇ, ಗಟ್ಟಿಯಾಗಿತ್ತೇ, ಮೆಲ್ಲಗಿತ್ತೇ ಎಂದು ಹೇಳುವ ಗೋಜಿಗೆ ಅವರು ಹೋಗುವುದಿಲ್ಲ. ಹೀಗಾಗಿ, ಹಾಗೆ ಹೇಳಿರುವ ಕೆಲವೇ ಪ್ರಸಂಗಗಳಿಗೆ ವಿಶೇಷ ಬೆಲೆ ಬಂದಿದೆ. ಶೀಲೋವಿನ ಆಲಯದಲ್ಲಿ ಮಲಗಿದ್ದ ಬಾಲಕ ಸಮುವೇಲ ತನ್ನನ್ನು ಕರೆದ ದನಿಯನ್ನು ಮುದುಕ ಯಾಜಕ ಏಲಿಯ ದನಿಯೆಂದೇ ತಿಳಿದು ಮೂರು ಬಾರಿ ಎದ್ದು ಅವನ ಬಳಿಗೆ ಹೋಗುತ್ತಾನೆ. ಅಂದರೆ ಆ ಕರೆ ಮನೆಯ ಹಿರಿಯರು ಪಕ್ಕದ ಕೋಣೆಯಿಂದ ಕೂಗಿದಷ್ಟು ಸಹಜವಾಗಿತ್ತು. ಅದು ಯಾರದೆಂದು ಗುರುತಿಸಿದವನು ಕೇಳಿಸಿಕೊಂಡ ಹುಡುಗನಾಗಿರಲಿಲ್ಲ, ಏನನ್ನೂ ಕೇಳಿಸಿಕೊಳ್ಳದ ಮುದುಕನೇ ಅದನ್ನು ಗುರುತಿಸಿದ. ಯೆರೂಸಲೇಮು ಬಿದ್ದ ಮೇಲೆ, ಉಳಿದ ಜನ ಈಜಿಪ್ಟಿಗೆ ಓಡಿಹೋಗಬೇಕೇ ಬೇಡವೇ ಎಂದು ಪ್ರವಾದಿ ಯೆರೆಮೀಯನನ್ನು ಕೇಳಿದಾಗ ಅವನು ಉತ್ತರಕ್ಕಾಗಿ ಹತ್ತು ದಿನ ಕಾಯಬೇಕಾಯಿತು. ಕರೆದಾಗ ಬರುವ ದನಿ ಅದಾಗಿರಲಿಲ್ಲ.

ಇಂಥ ಪ್ರಸಂಗಗಳಲ್ಲೆಲ್ಲ ಹೆಚ್ಚು ಚರ್ಚೆಗೆ ಒಳಗಾಗಿರುವುದು ಅರಸುಗಳು ಮೊದಲನೆಯ ಗ್ರಂಥದ 19ನೆಯ ಅಧ್ಯಾಯ. ಪ್ರವಾದಿ ಎಲೀಯನು ಹೋರೇಬ್ ಬೆಟ್ಟದ ಗವಿಯೊಂದರಲ್ಲಿದ್ದಾಗ ಬಿರುಗಾಳಿ, ಭೂಕಂಪ, ಬೆಂಕಿ ಒಂದರ ಹಿಂದೊಂದು ಬರುತ್ತವೆ. ಯೆಹೋವನು ಅವುಗಳಲ್ಲಿ ಇರಲಿಲ್ಲವೆಂದು ಗ್ರಂಥ ಹೇಳುತ್ತದೆ. ಕೊನೆಗೆ ಅತಿ ಮೆಲ್ಲನೆಯ ಏನೋ ಒಂದು ಕೇಳಿಸುತ್ತದೆ. ಈ ಪ್ರಸಂಗವನ್ನು ‘ದೇವರು ಗದ್ದಲದಲ್ಲಿಲ್ಲ, ಮೌನದಲ್ಲಿದ್ದಾನೆ’ ಎಂಬ ಒಂದು ಸಾಲಿಗೆ ಇಳಿಸಿ, ಆ ಮೌನವೆಂದರೆ ನಮ್ಮ ಅಂತಃಸಾಕ್ಷಿಯೇ ಎಂದು ವಿವರಿಸುವ ರೂಢಿ ಬಲವಾಗಿ ಬೇರೂರಿದೆ. ಕೇಳಲು ಹಿತವಾದ ವಿವರಣೆ. ಆದರೆ ಮೂಲವನ್ನು ಸಾವಧಾನವಾಗಿ ಓದಿದವರಿಗೆ ಅದು ಅರ್ಧದಲ್ಲೇ ನಿಂತ ಓದು ಎನಿಸದೆ ಇರದು. ಮೌನದ ಬಳಿಕ ಕಥೆ ಮುಂದುವರಿಯುತ್ತದೆ, ಮತ್ತು ಅದರ ತೂಕವೆಲ್ಲ ಇರುವುದು ಆ ಮುಂದಿನ ಭಾಗದಲ್ಲಿಯೇ.

ಕಾಲ ಕ್ರಿ.ಪೂ. 9ನೆಯ ಶತಮಾನ. ಉತ್ತರದ ಇಸ್ರೇಲ್ ರಾಜ್ಯವನ್ನು ಒಮ್ರಿಯ ಮಗ ಅಹಾಬ ಆಳುತ್ತಿದ್ದ. ಅವನು ಸಣ್ಣಪುಟ್ಟ ಪಾಳೆಯಗಾರನೇನಲ್ಲ. ಅಸ್ಸೀರಿಯದ ದೊರೆ ಮೂರನೆಯ ಶಲ್ಮನೆಸರ್ ಕ್ರಿ.ಪೂ. 853ರ ಕರ್ಕರ್ ಯುದ್ಧದ ಕುರಿತು ಕೆತ್ತಿಸಿದ ಶಾಸನದಲ್ಲಿ, ತನ್ನೆದುರು ನಿಂತ ಮಿತ್ರಪಡೆಗೆ ಅಹಾಬನು 2,000 ರಥಗಳನ್ನೂ 10,000 ಕಾಲಾಳುಗಳನ್ನೂ ತಂದಿದ್ದನೆಂದು ಎಣಿಕೆ ಕೊಟ್ಟಿದ್ದಾನೆ. ಅಹಾಬನ ಹೆಂಡತಿ ಈಜೆಬೆಲ್ ಸೀದೋನ್ಯರ ಅರಸನ ಮಗಳು. ಅವಳೊಡನೆ ಬಾಳ್ ದೇವತೆಯ ಆರಾಧನೆಗೂ ಅರಮನೆಯ ಆಶ್ರಯ ದೊರೆಯಿತು. ಈ ಬಾಳ್ ಯಾರೆಂಬುದು ಬಹುಕಾಲ ಬೈಬಲಿನ ವಿರೋಧದ ಮಾತುಗಳಿಂದ ಮಾತ್ರ ತಿಳಿದಿತ್ತು. 1928ರಲ್ಲಿ ಸಿರಿಯದ ಕಡಲತೀರದಲ್ಲಿ ರೈತನೊಬ್ಬನ ನೇಗಿಲಿಗೆ ಹಳೆಯ ಸಮಾಧಿಯೊಂದರ ಕಲ್ಲು ತಗುಲಿ, ಅದರ ಬೆನ್ನುಹತ್ತಿ ನಡೆದ ಉತ್ಖನನದಲ್ಲಿ ಉಗಾರಿತ್ ಎಂಬ ಪ್ರಾಚೀನ ನಗರ ಹೊರಬಂದ ಮೇಲೆ, ಬಾಳನ ಭಕ್ತರೇ ಬರೆದ ಜೇಡಿಮಣ್ಣಿನ ಹಲಗೆಗಳು ಸಿಕ್ಕವು. ಅಲ್ಲಿ ಅವನು ಮೋಡಗಳ ಮೇಲೆ ಸವಾರಿ ಮಾಡುವ ಮಳೆಯ ದೇವತೆ. ಗುಡುಗೇ ಅವನ ದನಿ, ಅವನು ದನಿಯೆತ್ತಿದರೆ ನೆಲ ನಡುಗುತ್ತದೆ. ಈ ಹಿನ್ನೆಲೆ ತಿಳಿದರೆ, ‘ನಾನು ಹೇಳುವವರೆಗೆ ಮಳೆಯಾಗಲಿ ಮಂಜಾಗಲಿ ಬೀಳದು’ ಎಂದು ಎಲೀಯನು ಅಹಾಬನೆದುರು ಸಾರಿದ್ದು ಎಂಥ ಸವಾಲೆಂಬುದು ಸ್ಪಷ್ಟವಾಗುತ್ತದೆ. ಮಳೆದೇವನ ರಾಜ್ಯದಲ್ಲಿ ಮಳೆಯನ್ನೇ ತಡೆಹಿಡಿದಂತಾಯಿತು.

ಆ ಸವಾಲು ತೀರ್ಮಾನವಾದದ್ದು ಕರ್ಮೆಲ್ ಬೆಟ್ಟದಲ್ಲಿ. (ಮುಂದೆ ಈ ಬೆಟ್ಟದ ಹೆಸರಿನಲ್ಲಿ ಹುಟ್ಟಿದ ಕ್ರೈಸ್ತ ಸಂನ್ಯಾಸಿ ಪಂಥವು ಎಲೀಯನನ್ನು ತನ್ನ ಮೂಲಪುರುಷನೆಂದು ಭಾವಿಸುತ್ತದೆ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನ ಹೆಸರಿನಲ್ಲಿರುವುದೂ ಇದೇ ಬೆಟ್ಟ.) ಒಂದು ಕಡೆ ಬಾಳನ 450 ಪ್ರವಾದಿಗಳು, ಇನ್ನೊಂದು ಕಡೆ ಎಲೀಯನೊಬ್ಬನೇ; ಯಾರ ದೇವರು ಬೆಂಕಿಯ ಮೂಲಕ ಉತ್ತರ ಕೊಡುವನೋ ಅವನೇ ದೇವರು ಎಂಬುದು ಪಂಥ. ಇಲ್ಲಿ ಹೀಬ್ರೂ ಮೂಲದ ಒಂದು ಪದವನ್ನು ಕಣ್ಣಿಟ್ಟು ನೋಡಬೇಕು. ಆ ಪದ ‘ಕೋಲ್’. ದನಿ, ಸದ್ದು, ಗುಡುಗು ಮೂರಕ್ಕೂ ಆ ಭಾಷೆಯಲ್ಲಿ ಅದು ಸಲ್ಲುತ್ತದೆ. ಬಾಳನ ಪ್ರವಾದಿಗಳು ಬೆಳಗಿನಿಂದ ನಡುಹಗಲಿನವರೆಗೆ ಕೂಗಿಕೊಂಡರೂ ‘ಕೋಲ್ ಇಲ್ಲ, ಉತ್ತರ ಕೊಡುವವರಿಲ್ಲ’ ಎನ್ನುತ್ತದೆ ಗ್ರಂಥ. ‘ದೊಡ್ಡ ಕೋಲ್‌ನಿಂದ ಕೂಗಿರಿ, ಅವನು ದೇವರಲ್ಲವೇ, ಎಲ್ಲೋ ನಿದ್ದೆಹೋಗಿರಬೇಕು’ ಎಂದು ಎಲೀಯನು ಹಂಗಿಸುತ್ತಾನೆ. ಸಂಜೆಯಾದರೂ ಮತ್ತದೇ ಮಾತು: ಕೋಲ್ ಇಲ್ಲ. ಗುಡುಗೇ ದನಿಯಾಗಿರುವ ದೇವತೆಗೆ ದನಿಯೇ ಇಲ್ಲವೆಂಬುದು ಇಲ್ಲಿನ ವ್ಯಂಗ್ಯ. ಎಲೀಯನ ಬಲಿಪೀಠದ ಮೇಲೆ ಬೆಂಕಿ ಇಳಿಯುತ್ತದೆ. ಬಾಳನ ಪ್ರವಾದಿಗಳನ್ನು ಕೀಷೋನ್ ಹಳ್ಳಕ್ಕೆ ಒಯ್ದು ಕೊಲ್ಲಲಾಗುತ್ತದೆ. ಆಮೇಲೆ, ಆಕಾಶದಲ್ಲಿ ಇನ್ನೂ ಒಂದು ಮೋಡದ ತುಣುಕೂ ಕಾಣದಿರುವಾಗಲೇ, ‘ಭಾರಿ ಮಳೆಯ ಕೋಲ್ ಕೇಳಿಸುತ್ತಿದೆ’ ಎಂದು ಎಲೀಯನು ಅಹಾಬನಿಗೆ ಹೇಳುತ್ತಾನೆ. ದನಿಗಾಗಿ ನಡೆದ ಈ ಹಣಾಹಣಿಯ ಬೆನ್ನಿಗೇ ಹೋರೇಬಿನ ಅಧ್ಯಾಯ ಬರುವುದು. ಹಿಂದಿನದನ್ನು ಬಿಟ್ಟು ಮುಂದಿನದನ್ನಷ್ಟೇ ಓದಿದರೆ ಅಲ್ಲಿ ಕೇಳಿಸುವ ಕೋಲ್‌ನ ಬೆಲೆ ತಿಳಿಯುವುದಿಲ್ಲ.

ಗೆದ್ದವನು ಮರುದಿನವೇ ಓಡುತ್ತಾನೆ. ‘ನಾಳೆ ಇಷ್ಟು ಹೊತ್ತಿಗೆ ನಿನ್ನ ಪ್ರಾಣಕ್ಕೂ ಅವರ ಗತಿಯೇ’ ಎಂದು ಈಜೆಬೆಲ್ ದೂತನೊಬ್ಬನ ಮೂಲಕ ಹೇಳಿಕಳಿಸುತ್ತಾಳೆ. ಆಗ ಎಲೀಯನು ‘ಕಂಡು ಎದ್ದು ಹೊರಟನು’ ಎಂದೂ ಓದಬಹುದು, ‘ಹೆದರಿ ಎದ್ದು ಹೊರಟನು’ ಎಂದೂ ಓದಬಹುದು. ಎರಡಕ್ಕೂ ವ್ಯಂಜನಗಳು ಒಂದೇ, ಸ್ವರಚಿಹ್ನೆಗಳು ಮಾತ್ರ ಬೇರೆ. ಸಾಂಪ್ರದಾಯಿಕ ಹೀಬ್ರೂ ಪಾಠ ಮೊದಲನೆಯದನ್ನು ಉಳಿಸಿಕೊಂಡಿದೆ, ಪ್ರಾಚೀನ ಗ್ರೀಕ್ ಅನುವಾದ ಎರಡನೆಯದನ್ನು ಹಿಡಿದಿದೆ. ಅವನು ದಕ್ಷಿಣದ ತುದಿಯ ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಂದು ಹಗಲಿನ ದಾರಿಯಷ್ಟು ಮರಳುಗಾಡಿನೊಳಕ್ಕೆ ನಡೆದು, ಒಂಟಿ ಪೊದೆಯೊಂದರ ಅಡಿಯಲ್ಲಿ ಕುಳಿತು ಸಾವನ್ನು ಬೇಡುತ್ತಾನೆ: ‘ಸಾಕು, ಯೆಹೋವನೇ, ನನ್ನ ಪ್ರಾಣವನ್ನು ತೆಗೆದುಕೋ, ನಾನು ನನ್ನ ಹಿರಿಯರಿಗಿಂತ ಮೇಲಿನವನೇನಲ್ಲ.’ ಅದಕ್ಕೆ ಬಂದ ಉತ್ತರದಲ್ಲಿ ಸಮಾಧಾನದ ಮಾತಾಗಲಿ ಉಪದೇಶವಾಗಲಿ ಇಲ್ಲ. ದೂತನೊಬ್ಬ ಮೈಮುಟ್ಟಿ ಎಬ್ಬಿಸಿ ಎರಡೇ ಪದ ಹೇಳುತ್ತಾನೆ: ‘ಏಳು, ಉಣ್ಣು.’ ತಲೆಯ ಬಳಿ ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ಹೂಜಿ ನೀರು. ಉಂಡು ಮತ್ತೆ ಮಲಗಿದವನನ್ನು ದೂತ ಇನ್ನೊಮ್ಮೆ ಎಬ್ಬಿಸಿ ಉಣ್ಣಿಸುತ್ತಾನೆ. ಈಜೆಬೆಲ್ ಕಳಿಸಿದ ದೂತನಿಗೂ ಈ ದೂತನಿಗೂ ಹೀಬ್ರೂವಿನಲ್ಲಿ ಒಂದೇ ಪದ, ‘ಮಲಾಖ್’. ಒಬ್ಬ ಸಾವಿನ ಸುದ್ದಿ ತಂದ, ಇನ್ನೊಬ್ಬ ರೊಟ್ಟಿ ತಂದ. ಇಡೀ ಅಧ್ಯಾಯದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಬಿರುಗಾಳಿ ಬೆಂಕಿಗಳಲ್ಲ, ಆ ರೊಟ್ಟಿಯೇ ಎಂದು ಇಲ್ಲಿ ಹೇಳಿಕೊಂಡರೆ ತಪ್ಪಾಗಲಾರದು.

ಆ ಊಟದ ಬಲದಿಂದ ಅವನು 40 ದಿನ, 40 ರಾತ್ರಿ ನಡೆದು ಹೋರೇಬನ್ನು ಮುಟ್ಟುತ್ತಾನೆ. ಹೋರೇಬ್ ಎಂದರೆ ಸೀನಾಯಿಯ ಇನ್ನೊಂದು ಹೆಸರು, ಇಸ್ರೇಲ್ಯರನ್ನು ಈಜಿಪ್ಟಿನಿಂದ ಬಿಡಿಸಿ ತಂದ ನಾಯಕ ಮೋಶೆಗೆ ಧರ್ಮಶಾಸ್ತ್ರ ದೊರೆತ ಬೆಟ್ಟ. ಅದು ನಿಜವಾಗಿ ಎಲ್ಲಿತ್ತೆಂಬುದರ ಬಗ್ಗೆ ಒಮ್ಮತವಿಲ್ಲ. ಸಂಪ್ರದಾಯವು ಈಜಿಪ್ಟಿನ ಸೀನಾಯಿ ಪರ್ಯಾಯದ್ವೀಪದ ಜೆಬೆಲ್ ಮೂಸಾ ಎಂಬ, ಸುಮಾರು 2,285 ಮೀಟರ್ ಎತ್ತರದ ಶಿಖರವನ್ನು ತೋರಿಸುತ್ತದೆ. ಬೇರ್ಷೆಬದಿಂದ ಅಲ್ಲಿಗೆ ನೇರ ಗೆರೆ ಎಳೆದರೆ 300 ಕಿಲೋಮೀಟರಿನ ಆಸುಪಾಸು. ಅದಕ್ಕೆ 40 ದಿನ ಬೇಕಿಲ್ಲ. ಆ ಸಂಖ್ಯೆ ದಾರಿಯ ಉದ್ದವನ್ನು ಹೇಳುವುದಕ್ಕಿಂತ, ಮೋಶೆ ಇದೇ ಬೆಟ್ಟದ ಮೇಲೆ ಅನ್ನನೀರಿಲ್ಲದೆ ಕಳೆದ 40 ದಿನಗಳನ್ನು ನೆನಪಿಗೆ ತರುತ್ತದೆ. ಗವಿಯ ವಿಷಯದಲ್ಲೂ ಹಾಗೆಯೇ. ಮೂಲದಲ್ಲಿ ಅದು ‘ಒಂದು ಗವಿ’ಯಲ್ಲ, ‘ಆ ಗವಿ’. ಓದುಗರಿಗೆ ಮೊದಲೇ ಗೊತ್ತಿರುವ ಜಾಗವೆಂಬಂತೆ. ದೇವರ ಮಹಿಮೆ ಹಾದುಹೋಗುವಾಗ ಮೋಶೆಯನ್ನು ನಿಲ್ಲಿಸಿದ್ದ ಬಂಡೆಯ ಬಿರುಕೇ ಇದು ಎಂದು ಯೆಹೂದಿ ವ್ಯಾಖ್ಯಾನಕಾರರು ತಿಳಿದದ್ದು ಇದರಿಂದಲೇ.

ಗವಿಯಲ್ಲಿ ಮೊದಲು ಬರುವುದು ಒಂದು ಪ್ರಶ್ನೆ: ‘ಮಾ ಲೆಖಾ ಫೋ, ಎಲಿಯಾಹು?’ ಪದಕ್ಕೆ ಪದವಿಟ್ಟರೆ ‘ಏನು ನಿನಗೆ ಇಲ್ಲಿ, ಎಲೀಯನೇ?’ ನಾವು ಕನ್ನಡದಲ್ಲಿ ‘ಇಲ್ಲಿ ನಿನಗೇನು ಕೆಲಸ?’ ಎನ್ನುವಾಗ ಇರುವ ಧಾಟಿಯೇ ಅದು. ಕುತೂಹಲವೂ ಆಗಬಹುದು, ಗದರಿಕೆಯೂ ಆಗಬಹುದು. ನಮ್ಮ ಪುರಾಣಗಳ ಅಶರೀರವಾಣಿ ಆಗಲಿರುವುದನ್ನು ಸಾರಿ ಸುಮ್ಮನಾಗುತ್ತದೆ. ಈ ದನಿ ಉತ್ತರಕ್ಕಾಗಿ ಕಾಯುತ್ತದೆ. ಎಲೀಯನ ಉತ್ತರ ಸಿದ್ಧವಾಗಿಯೇ ಇತ್ತು: ‘ಸೇನಾಧೀಶ್ವರನಾದ ಯೆಹೋವನಿಗಾಗಿ ನಾನು ಬಹಳ ಆವೇಶವುಳ್ಳವನಾಗಿದ್ದೆ. ಇಸ್ರೇಲ್ಯರು ನಿನ್ನ ಒಡಂಬಡಿಕೆಯನ್ನು ಬಿಟ್ಟರು, ನಿನ್ನ ಬಲಿಪೀಠಗಳನ್ನು ಕೆಡವಿದರು, ನಿನ್ನ ಪ್ರವಾದಿಗಳನ್ನು ಕತ್ತಿಯಿಂದ ಕೊಂದರು. ಉಳಿದವನು ನಾನೊಬ್ಬನೇ, ನನ್ನ ಪ್ರಾಣವನ್ನೂ ಹುಡುಕುತ್ತಿದ್ದಾರೆ.’ ಈ ದೂರಿನಲ್ಲಿ ನಿಜವಿದೆ, ಪೂರ್ತಿ ನಿಜವಿಲ್ಲ. ಹಿಂದಿನ ಅಧ್ಯಾಯದಲ್ಲೇ, ಅರಮನೆಯ ಅಧಿಕಾರಿ ಓಬದ್ಯನು ತಾನು ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಬಚ್ಚಿಟ್ಟು ರೊಟ್ಟಿ ನೀರು ಕೊಟ್ಟು ಸಾಕಿದ್ದನ್ನು ಎಲೀಯನಿಗೆ ಬಾಯಾರೆ ಹೇಳಿದ್ದಾನೆ. ಗೊತ್ತಿದ್ದೂ ಅವನು ‘ನಾನೊಬ್ಬನೇ’ ಎನ್ನುತ್ತಾನೆ.

‘ಹೊರಗೆ ಬಂದು ಬೆಟ್ಟದ ಮೇಲೆ ಯೆಹೋವನ ಮುಂದೆ ನಿಲ್ಲು’ ಎಂಬ ಅಪ್ಪಣೆಯಾಗುತ್ತದೆ. ಯೆಹೋವನು ಹಾದುಹೋಗುತ್ತಾನೆ. ಅವನ ಮುಂದೆ ಬೆಟ್ಟಗಳನ್ನು ಸೀಳಿ ಬಂಡೆಗಳನ್ನು ಪುಡಿಮಾಡುವ ಗಾಳಿ, ಯೆಹೋವನು ಗಾಳಿಯಲ್ಲಿರಲಿಲ್ಲ. ಗಾಳಿಯ ಮೇಲೆ ಭೂಕಂಪ, ಭೂಕಂಪದಲ್ಲಿರಲಿಲ್ಲ. ಭೂಕಂಪದ ಮೇಲೆ ಬೆಂಕಿ, ಬೆಂಕಿಯಲ್ಲಿರಲಿಲ್ಲ. ಈ ಮೂರು ನಿರಾಕರಣೆಗಳನ್ನು ಎಷ್ಟರಮಟ್ಟಿಗೆ ಹಿಗ್ಗಿಸಬಹುದು ಎಂಬುದರಲ್ಲಿ ಎಚ್ಚರ ಬೇಕು. ಗಾಳಿ ಬೀಸಿದ್ದು ‘ಯೆಹೋವನ ಮುಂದೆ’ ಎಂದಿದೆ, ಅಂದರೆ ಅರಸನ ಮುಂದೆ ಹೋಗುವ ಪರಿವಾರದಂತೆ. ಅದು ಅವನಿಗೆ ಸಂಬಂಧಪಡದ್ದಲ್ಲ. ಕೆಲವೇ ವಾರಗಳ ಹಿಂದೆ ಕರ್ಮೆಲಿನಲ್ಲಿ ಅವನು ಬೆಂಕಿಯಿಂದಲೇ ಉತ್ತರ ಕೊಟ್ಟಿದ್ದ. ಇದೇ ಬೆಟ್ಟದ ಮೇಲೆ ಮೋಶೆಯ ಕಾಲದಲ್ಲಿ ಬೆಂಕಿ, ಹೊಗೆ, ನಡುಕಗಳ ನಡುವೆಯೇ ಇಳಿದುಬಂದಿದ್ದ. 29ನೆಯ ಕೀರ್ತನೆಯಲ್ಲಿ ‘ಯೆಹೋವನ ಕೋಲ್’ ಏಳು ಬಾರಿ ಮೊಳಗಿ ದೇವದಾರು ಮರಗಳನ್ನು ಮುರಿಯುತ್ತದೆ. ಹೀಗಿರುವಾಗ, ದೇವರು ಎಂದೂ ಬಿರುಗಾಳಿಯಲ್ಲಿ ಬರುವುದಿಲ್ಲವೆಂಬ ಸಿದ್ಧಾಂತವನ್ನು ಈ ಅಧ್ಯಾಯದ ಮೇಲೆ ಕಟ್ಟಲಾಗದು. ಈ ಸಲ ಹಾಗೆ ಬರಲಿಲ್ಲ ಎನ್ನುವಷ್ಟನ್ನೇ ಅದು ಹೇಳುತ್ತದೆ. ಗುಡುಗು ಸಿಡಿಲುಗಳನ್ನು ಬಾಳನ ಮೈಯೆಂದೇ ನಂಬಿದ್ದ ನಾಡಿನಲ್ಲಿ ಅಷ್ಟು ಹೇಳಿದ್ದೂ ಕಡಿಮೆಯಲ್ಲ.

ಬೆಂಕಿಯ ಬಳಿಕ ಬಂದದ್ದನ್ನು ಮೂರೇ ಪದಗಳಲ್ಲಿ ಹೇಳಿದೆ: ‘ಕೋಲ್ ದೆಮಾಮಾ ದಕ್ಕಾ’. ಮೊದಲನೆಯದು ನಮಗೆ ಪರಿಚಯವಾದ ಪದ. ಎರಡನೆಯದು ಇಡೀ ಹೀಬ್ರೂ ಗ್ರಂಥದಲ್ಲಿ ಮೂರೇ ಕಡೆ ಕಾಣಿಸುವ ಪದ. ಸಮುದ್ರದ ಬಿರುಗಾಳಿ ನಿಂತು ಉಂಟಾಗುವ ಶಾಂತತೆಗೆ 107ನೆಯ ಕೀರ್ತನೆಯಲ್ಲಿ, ರಾತ್ರಿಯ ದರ್ಶನದಲ್ಲಿ ಮೈನವಿರೇಳಿಸುವ ನಿಶ್ಶಬ್ದಕ್ಕೆ ಯೋಬನ ಗ್ರಂಥದಲ್ಲಿ ಅದು ಬಳಕೆಯಾಗಿದೆ. ಅದರ ಧಾತುವಿಗೆ ‘ಅಲುಗದೆ ಸುಮ್ಮನಾಗು’ ಎಂಬರ್ಥ. ತನ್ನಿಬ್ಬರು ಮಕ್ಕಳು ಬೆಂಕಿಗೆ ಬಲಿಯಾದಾಗ ಮೋಶೆಯ ಅಣ್ಣ ಆರೋನನು ಸುಮ್ಮನಿದ್ದನು ಎನ್ನುವಲ್ಲಿಯೂ ಇದೇ ಧಾತುವಿದೆ. ಮೂರನೆಯ ಪದ ‘ದಕ್ಕಾ’ ಎಂದರೆ ತೆಳ್ಳನೆಯದು, ನುಣ್ಣಗೆ ಪುಡಿಯಾದದ್ದು. ಈಜಿಪ್ಟಿನ ಅರಸ ಫರೋಹನ ಕನಸಿನ ಬಡಕಲು ಹಸುಗಳಿಗೂ, ಮರಳುಗಾಡಿನಲ್ಲಿ ಇಸ್ರೇಲ್ಯರಿಗೆ ದೇವರು ಕೊಟ್ಟ, ಬೆಳಗಿನ ನೆಲದ ಮೇಲೆ ಇಬ್ಬನಿಯಂತೆ ಬಿದ್ದಿದ್ದ ಮನ್ನವೆಂಬ ಆಹಾರಕ್ಕೂ, ಗರ್ಭಗುಡಿಯೊಳಗೆ ಒಯ್ಯುವ ಅರೆದ ಧೂಪಕ್ಕೂ ಅದೇ ವಿಶೇಷಣ. ಮೂರನ್ನೂ ಜೋಡಿಸಿದರೆ ‘ತೆಳ್ಳನೆಯ ಮೌನದ ದನಿ’ ಎಂದಾಗುತ್ತದೆ. ಮೌನ ಗಾಢವಾಗಿರುತ್ತದೆ, ದಟ್ಟವಾಗಿರುತ್ತದೆ ಎನ್ನುವುದು ಕನ್ನಡದ ರೂಢಿ. ಮೌನವನ್ನು ಅರೆದು ನುಣ್ಣಗೆ ಮಾಡಿದಂತೆ ಕಾಣುವ ಈ ಕಲ್ಪನೆ ನಮ್ಮ ನಾಲಗೆಗೆ ಸುಲಭವಾಗಿ ಒಗ್ಗುವುದಿಲ್ಲ.

ಒಗ್ಗದಿರುವುದು ನಮಗೆ ಮಾತ್ರವಲ್ಲ. ಗ್ರೀಕ್ ಅನುವಾದಕರು ಅದನ್ನು ‘ತೆಳುಗಾಳಿಯ ದನಿ’ ಎಂದು ಮಾಡಿದರು. ಲ್ಯಾಟಿನ್ ಬೈಬಲೂ ಅದೇ ದಾರಿ ಹಿಡಿದು ‘ಮೆಲುಗಾಳಿಯ ಸುಯ್ಲು’ ಎಂದಿತು. ಮೌನಕ್ಕೆ ದನಿಯಿರುವ ವಿರೋಧಾಭಾಸ ಅಲ್ಲಿ ಗಾಳಿಯಾಗಿ ಹಗುರಾಯಿತು. ಯೆಹೂದ್ಯರ ಅರಾಮಿಕ್ ಅನುವಾದವಾದ ತರ್ಗುಮ್, ಗಾಳಿ ಭೂಕಂಪ ಬೆಂಕಿಗಳ ಜಾಗದಲ್ಲಿ ದೇವದೂತರ ದಂಡುಗಳನ್ನು ತಂದು, ಕೊನೆಯದನ್ನು ‘ಮೆಲ್ಲಗೆ ಸ್ತುತಿಸುವವರ ದನಿ’ ಎಂದು ಬಿಡಿಸಿತು. 1611ರ ಇಂಗ್ಲಿಷ್ ಅನುವಾದ ಅದನ್ನು ‘ನಿಶ್ಚಲವಾದ ಸಣ್ಣ ದನಿ’ ಎಂಬರ್ಥದ ಮಾತಾಗಿಸಿತು. ಅಂತಃಸಾಕ್ಷಿಯ ವಿವರಣೆ ಬೆಳೆದದ್ದು ಹೆಚ್ಚಾಗಿ ಈ ಅನುವಾದದ ನೆರಳಿನಲ್ಲಿ. ಹೀಬ್ರೂ ಮೂಲದ ಮೂರು ಪದಗಳು ಹಾಗೆಯೇ ಬದುಕಿ ಉಳಿದಿರುವುದು ಯೆಹೂದಿ ಪ್ರಾರ್ಥನೆಯಲ್ಲಿ: ಹೊಸವರ್ಷದ ದಿನ ಮತ್ತು ಪ್ರಾಯಶ್ಚಿತ್ತದ ದಿನ ಹಾಡುವ ‘ಉನೆತಾನೆ ತೋಕೆಫ್’ ಎಂಬ ಸ್ತೋತ್ರದಲ್ಲಿ, ದೊಡ್ಡ ಕೊಂಬು ಊದಲ್ಪಡುತ್ತದೆ, ‘ಕೋಲ್ ದೆಮಾಮಾ ದಕ್ಕಾ’ ಕೇಳಿಸುತ್ತದೆ, ದೂತರು ನಡುಗುತ್ತಾರೆ ಎಂಬ ಸಾಲುಗಳಿವೆ. ಅಲ್ಲಿ ಆ ದನಿ ಸಾಂತ್ವನದ್ದಲ್ಲ, ನ್ಯಾಯವಿಚಾರಣೆಯದು.

ದನಿಯನ್ನು ಕೇಳಿದ ಎಲೀಯನು ಕಂಬಳಿಯಿಂದ ಮುಖ ಮುಚ್ಚಿಕೊಂಡು ಗವಿಯ ಬಾಗಿಲಿಗೆ ಬರುತ್ತಾನೆ. ಹೊರಗೆ ಬಾ ಎಂದು ಆಗಲೇ ಹೇಳಿದ್ದರೂ, ಅವನು ಹೊರಟದ್ದು ಈಗ. ಮತ್ತೆ ಅದೇ ಪ್ರಶ್ನೆ, ಪದವೂ ಬದಲಾಗದೆ: ‘ಇಲ್ಲಿ ನಿನಗೇನು ಕೆಲಸ, ಎಲೀಯನೇ?’ ಮತ್ತೆ ಅದೇ ಉತ್ತರ, ಗಿಳಿಪಾಠದಂತೆ: ‘ಆವೇಶವುಳ್ಳವನಾಗಿದ್ದೆ... ಉಳಿದವನು ನಾನೊಬ್ಬನೇ.’ ಗಾಳಿ, ಭೂಕಂಪ, ಬೆಂಕಿ, ಮೌನ ಇಷ್ಟೆಲ್ಲ ಕಣ್ಮುಂದೆ ಹಾದುಹೋದರೂ ಅವನ ಮಾತಿನಲ್ಲಿ ಒಂದಕ್ಷರ ಕದಲಿಲ್ಲ. ಎರಡು ಹಸ್ತಪ್ರತಿಗಳ ಮಾತು ಕಲಬೆರಕೆಯಾಗಿ ಈ ಪುನರುಕ್ತಿ ಉಂಟಾಯಿತೆಂದು ವಾದಿಸಿದ ವಿದ್ವಾಂಸರಿದ್ದಾರೆ. ನನಗೆ ಅದು ಬೇಕೆಂದೇ ಮಾಡಿದ್ದೆನಿಸುತ್ತದೆ. ದರ್ಶನವೊಂದು ಮನುಷ್ಯನನ್ನು ತಾನಾಗಿಯೇ ಬದಲಾಯಿಸಿಬಿಡುತ್ತದೆ ಎಂಬ ನಂಬಿಕೆ ಈ ಕಥೆಗಾರನಿಗಿಲ್ಲ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳೂ ಇಲ್ಲಿ ಎಲೀಯನನ್ನು ಹೊಗಳಲಿಲ್ಲ: ಅವನು ತಂದೆಯ ಮಾನವನ್ನು ಕಾದ, ಮಗನ ಮಾನವನ್ನು ಕಾಯಲಿಲ್ಲ ಎಂದರು, ತಂದೆಯೆಂದರೆ ದೇವರು, ಮಗನೆಂದರೆ ಇಸ್ರೇಲ್ ಜನ. ಜನರು ಒಡಂಬಡಿಕೆಯನ್ನು ಬಿಟ್ಟರೆಂದು ದೂರು ಕೊಟ್ಟವನು ಇನ್ನು ಮುಂದೆ ದೇವರೊಡನೆಯ ಒಡಂಬಡಿಕೆಯ ಗುರುತಾದ ಸುನ್ನತಿ ಪ್ರತಿಯೊಂದು ಮಗುವಿಗೆ ಆಗುವಾಗಲೂ ಬಂದು, ಆ ಒಡಂಬಡಿಕೆ ನಡೆಯುತ್ತಿರುವುದನ್ನು ಕಣ್ಣಾರೆ ನೋಡಬೇಕು ಎಂಬ ಕಥೆಯನ್ನೂ ಅವರು ಕಟ್ಟಿದರು. ಇಂದಿಗೂ ಆ ಸಮಾರಂಭದಲ್ಲಿ ಎಲೀಯನಿಗೆಂದು ಒಂದು ಕುರ್ಚಿ ಇರುತ್ತದೆ.

ಎರಡನೆಯ ಸಲದ ದೂರಿಗೆ ದೇವರು ವಾದ ಹೂಡುವುದಿಲ್ಲ, ಕೆಲಸ ಹೇಳುತ್ತಾನೆ. ‘ಹೋಗು, ಬಂದ ದಾರಿಯಲ್ಲೇ ಹಿಂದಿರುಗು.’ ಹಜಾಯೇಲನನ್ನು ನೆರೆರಾಜ್ಯವಾದ ಅರಾಮಿನ ಅರಸನನ್ನಾಗಿ, ನಿಮ್ಷಿಯ ವಂಶದ ಯೇಹುವನ್ನು ಇಸ್ರೇಲಿನ ಅರಸನನ್ನಾಗಿ, ಶಾಫಾಟನ ಮಗ ಎಲೀಷನನ್ನು ‘ನಿನಗೆ ಬದಲಾಗಿ’ ಪ್ರವಾದಿಯನ್ನಾಗಿ ಅಭಿಷೇಕಿಸು. ಒಬ್ಬನ ಕತ್ತಿಯಿಂದ ತಪ್ಪಿಸಿಕೊಂಡವನನ್ನು ಇನ್ನೊಬ್ಬನು ಕೊಲ್ಲುವನು. ಆದರೂ ಬಾಳನಿಗೆ ಮೊಣಕಾಲೂರದ 7,000 ಮಂದಿಯನ್ನು ಇಸ್ರೇಲಿನಲ್ಲಿ ಉಳಿಸುವೆನು. ‘ನಾನೊಬ್ಬನೇ’ ಎಂಬುದಕ್ಕೆ ಈ ಸಂಖ್ಯೆಯೇ ಉತ್ತರ. ಮೌನದ ನಂತರ ಬಂದ ಮಾತು ಇಷ್ಟು ಖಚಿತವಾಗಿದೆ, ಇಷ್ಟು ಕಠೋರವಾಗಿಯೂ ಇದೆ. ಅಂತಃಸಾಕ್ಷಿಯ ಇಂಪಾದ ವಿವರಣೆ ಈ ಸಾಲುಗಳನ್ನು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತದೆ. ಹೆಸರಿಸಿದ ಇಬ್ಬರು ಅರಸರೂ ಇತಿಹಾಸಕ್ಕೆ ಗೊತ್ತಿರುವವರು. ಕ್ರಿ.ಪೂ. 841ರಲ್ಲಿ ಯೇಹುವಿನಿಂದ ಬಂದ ಕಪ್ಪವನ್ನು ಅಸ್ಸೀರಿಯದ ಅರಸ ಕರಿಗಲ್ಲಿನ ಸ್ತಂಭವೊಂದರಲ್ಲಿ ಕೆತ್ತಿಸಿದ್ದು, ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1993ರಲ್ಲಿ ಇಸ್ರೇಲಿನ ಉತ್ತರದ ತೇಲ್ ದಾನ್‌ನಲ್ಲಿ ಸಿಕ್ಕ ಶಾಸನದ ತುಣುಕು ಹಜಾಯೇಲನದೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಬೈಬಲು ಯೇಹುವಿನ ಕೈಯಿಂದ ಸತ್ತರೆನ್ನುವ ಇಬ್ಬರು ಅರಸರನ್ನು ತಾನು ಕೊಂದೆನೆಂದು ಹಜಾಯೇಲನು ಅಲ್ಲಿ ಹೇಳಿಕೊಂಡಿದ್ದಾನೆ.

ವಿಚಿತ್ರವೆಂದರೆ, ಈ ಮೂವರಲ್ಲಿ ಇಬ್ಬರ ಬಳಿಗೆ ಎಲೀಯನು ಹೋಗಲೇ ಇಲ್ಲ. ಹಜಾಯೇಲನಿಗೆ ಅರಸನಾಗುವ ಸುದ್ದಿ ಹೇಳಿದವನು ಎಲೀಷ. ಯೇಹುವಿನ ತಲೆಯ ಮೇಲೆ ಎಣ್ಣೆ ಹೊಯ್ದವನು ಎಲೀಷ ಕಳಿಸಿದ ಒಬ್ಬ ಹೆಸರಿಲ್ಲದ ಯುವಕ. ಎಲೀಯನು ಹೋದದ್ದು ಹನ್ನೆರಡು ಜೋಡಿ ಎತ್ತುಗಳು ಉಳುತ್ತಿದ್ದ ಒಂದು ಹೊಲಕ್ಕೆ. ಕೊನೆಯ ಜೋಡಿಯ ಹಿಂದೆ ಎಲೀಷನಿದ್ದ. ಎಣ್ಣೆಯಿಲ್ಲ, ಮಾತಿಲ್ಲ, ಗವಿಯ ಬಾಗಿಲಲ್ಲಿ ಮುಖ ಮುಚ್ಚಿಕೊಂಡಿದ್ದ ಆ ಕಂಬಳಿಯನ್ನು ಅವನ ಮೇಲೆ ಹಾಕಿ ಎಲೀಯನು ಮುಂದೆ ನಡೆದುಬಿಟ್ಟ. ಎಲೀಷನು ಎತ್ತುಗಳನ್ನು ಬಿಟ್ಟು ಓಡಿಬಂದು, ‘ತಂದೆತಾಯಿಗೆ ಮುದ್ದಿಟ್ಟು ಬರುತ್ತೇನೆ, ಆಮೇಲೆ ನಿನ್ನ ಹಿಂದೆ ಬರುತ್ತೇನೆ’ ಎಂದು ಕೇಳಿಕೊಂಡ. ಅದಕ್ಕೆ ಎಲೀಯನು ಕೊಟ್ಟ ಉತ್ತರ ‘ಲೇಖ್ ಶೂವ್’ ಎಂಬ ಎರಡು ಪದಗಳಿಂದ ಶುರುವಾಗುತ್ತದೆ: ‘ಹೋಗು, ಹಿಂದಿರುಗು, ನಾನು ನಿನಗೇನು ಮಾಡಿದೆ?’ ಹೋರೇಬಿನಲ್ಲಿ ಆ ದನಿ ಎಲೀಯನಿಗೆ ಮೊದಲು ಹೇಳಿದ್ದೂ ಅವೇ ಎರಡು ಪದಗಳನ್ನು.